ಮಗನ ಹಲ್ಲಿನ ಕಲೆಗೆ ಕಾಲವಿದೆ, ಮಗಳ ಎಸರಿನ ನೀರಿಗೆ ಇಲ್ಲ

ಪ್ರಶ್ನೆ: ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ ಎಂಟು ವರ್ಷ. ಹಾಲುಹಲ್ಲು ಬಿದ್ದು ಮುಂದಿನ ಹೊಸ ಹಲ್ಲು ಬಂದಾಗ ಸುಣ್ಣ ಬಳಿದ ಹಾಗೆ ಬಿಳಿ ಗೆರೆಗಳಿದ್ದವು. ಒಂದು ವರ್ಷದೊಳಗೆ ಅವು ಕಂದು ಬಣ್ಣಕ್ಕೆ ತಿರುಗಿವೆ. ಶಾಲೆಯಲ್ಲಿ ಆಡಿಕೊಳ್ಳುತ್ತಾರೆಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಗುತ್ತಾನೆ. ನಮ್ಮತ್ತೆ "ಇವೂ ಬಿದ್ದು ಬೇರೆ ಬರ್ತವೆ ಬಿಡು" ಅನ್ನುತ್ತಾರೆ. ಒಬ್ಬ ಡಾಕ್ಟರು ನಾಲ್ಕು ಹಲ್ಲಿಗೂ ಕ್ಯಾಪ್ ಹಾಕಿಸಿ ಅಂದರು. ಇನ್ನೊಬ್ಬರು ಆಸಿಡ್ ಹಚ್ಚಿ ಉಜ್ಜಿದರೆ ಹೋಗುತ್ತೆ ಅಂದರು, ನನಗೆ ಆಸಿಡ್ ಅಂದರೆ ಭಯ. ಪೇಸ್ಟ್‌ನಲ್ಲೂ ಫ್ಲೋರೈಡ್ ಇರುತ್ತಂತೆ, ಅದನ್ನು ಬಿಡಿಸಿ ಬೇವಿನ ಕಡ್ಡಿ ಕೊಡಲೇ? ಫ್ಲೋರೈಡ್ ಇದ್ದರೆ ಹುಳುಕಾಗಲ್ಲ ಅಂತಾರೆ, ಮತ್ತೆ ಅವನ ದವಡೆಹಲ್ಲು ಯಾಕೆ ಹುಳುಕಾಯಿತು? ನಾವು ಕುಡಿಯುವುದು ಊರಿನ ಫಿಲ್ಟರ್ ನೀರು, ಅಡುಗೆಗೆ ಬೋರ್ ನೀರು. ನನ್ನ ಹಲ್ಲೂ ಚಿಕ್ಕಂದಿನಿಂದ ಕಂದು, ಈಗ ತಣ್ಣೀರು ತಾಗಿದರೆ ಜುಮ್ಮೆನ್ನುತ್ತದೆ. ಎರಡು ವರ್ಷದ ಮಗಳೂ ಇದ್ದಾಳೆ. ಅವಳ ಹಲ್ಲು ಬೆಳ್ಳಗಿವೆ, ಅವಳದೇನೂ ಚಿಂತೆಯಿಲ್ಲ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಇಡೀ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಅದೇ. ಮಗನ ಹಲ್ಲಿಗೆ ಆಗಬೇಕಾದ ಹಾನಿ ಆಗಿ ಮುಗಿದಿದೆ. ಅದನ್ನು ಈ ತಿಂಗಳು ಸರಿಪಡಿಸಿದರೂ ಒಂದೇ, ಎರಡು ವರ್ಷ ಬಿಟ್ಟು ಸರಿಪಡಿಸಿದರೂ ಒಂದೇ. ಮಗಳ ಶಾಶ್ವತ ಹಲ್ಲುಗಳು ಮಾತ್ರ ಈ ಹೊತ್ತಿನಲ್ಲಿ ದವಡೆಯ ಮೂಳೆಯೊಳಗೆ ತಯಾರಾಗುತ್ತಿವೆ. ಮೇಲಿನ ಎರಡು ದೊಡ್ಡ ಬಾಚಿಹಲ್ಲುಗಳಿಗೆ ನೀರಿನಲ್ಲಿ ಕರಗಿರುವ ಫ್ಲೋರೈಡ್ ಎಂಬ ಲವಣಾಂಶದಿಂದ ಅತಿ ಹೆಚ್ಚು ತೊಂದರೆಯಾಗುವ ಕಾಲ ಸುಮಾರು 15ರಿಂದ 30 ತಿಂಗಳ ವಯಸ್ಸು. ಅವಳು ಸರಿಯಾಗಿ ಆ ಕಾಲದ ಒಳಗಿದ್ದಾಳೆ. ಹಾಲುಹಲ್ಲು ಬೆಳ್ಳಗಿರುವುದನ್ನು ನೋಡಿ ಸಮಾಧಾನಪಡಬೇಡಿ. ಹಾಲುಹಲ್ಲಿನ ಮೇಲ್ಭಾಗ ಬಹುಪಾಲು ತಾಯಿಯ ಹೊಟ್ಟೆಯಲ್ಲಿ ಮತ್ತು ಹುಟ್ಟಿದ ಮೊದಲ ವರ್ಷದಲ್ಲೇ ರೂಪುಗೊಳ್ಳುತ್ತದೆ, ಹಾಗಾಗಿ ಅದರಲ್ಲಿ ಕಲೆ ಕಡಿಮೆ. ಇವತ್ತಿನ ನೀರಿನ ಲೆಕ್ಕ ಅವಳಿಗೆ ಏಳು ವರ್ಷವಾದಾಗ ಬಾಯಲ್ಲಿ ಕಾಣಿಸುತ್ತದೆ.

ಹಾಗೆಂದು ಮಗನ ಸಂಕಟ ಸಣ್ಣದಲ್ಲ. ಎಂಟು ವರ್ಷದ ಹುಡುಗ ನಗಲು ಹಿಂಜರಿಯುವುದೇ ಚಿಕಿತ್ಸೆಗೆ ಸಾಕಷ್ಟು ಕಾರಣ. ಅವನ ವಿಷಯಕ್ಕೂ ಬರುತ್ತೇನೆ.

ಮೊದಲು ರೋಗ ಗುರುತಿಸುವ ಮಾತು. ನೀವು ಬರೆದದ್ದು ಫ್ಲೋರೋಸಿಸ್‌ಗೆ, ಅಂದರೆ ಹಲ್ಲು ತಯಾರಾಗುವಾಗ ಮೈಗೆ ಫ್ಲೋರೈಡ್ ಹೆಚ್ಚಾಗಿ ಸೇರಿ ಆಗುವ ತೊಂದರೆಗೆ, ಹೊಂದುತ್ತದೆ. ಆದರೆ ನಮ್ಮ ಕಡೆ ಹಲ್ಲಿನ ಮೇಲೆ ಏನೇ ಕಲೆ ಕಂಡರೂ "ನೀರಿನ ದೋಷ" ಎಂದುಬಿಡುವ ರೂಢಿಯಿದೆ. ಫ್ಲೋರೋಸಿಸ್ ಜೋಡಿಯಲ್ಲಿ ಬರುತ್ತದೆ. ಬಲಗಡೆಯ ಹಲ್ಲಿನಲ್ಲಿ ಇದ್ದ ಹಾಗೆಯೇ ಎಡಗಡೆಯ ಅದೇ ಹಲ್ಲಿನಲ್ಲೂ, ಅಂಚು ಸ್ಪಷ್ಟವಿಲ್ಲದ ಅಡ್ಡ ಗೆರೆಗಳು ಇರುತ್ತವೆ. ಒಂದೇ ಹಲ್ಲಿನಲ್ಲಿ ಮಾತ್ರ ಕಲೆಯಿದ್ದರೆ ಹಾಲುಹಲ್ಲಿಗೆ ಬಿದ್ದ ಪೆಟ್ಟು ಅಥವಾ ಅದರ ಬೇರಿನ ಕೀವು ಕೆಳಗಿದ್ದ ಹೊಸ ಹಲ್ಲನ್ನು ಕೆಡಿಸಿರಬಹುದು. ಅಂಚು ಸ್ಪಷ್ಟವಾದ ಹಳದಿ ಅಥವಾ ಕಂದು ಮಚ್ಚೆ, ಜೊತೆಗೆ ಆರನೇ ವರ್ಷಕ್ಕೆ ಬಂದ ದವಡೆಹಲ್ಲು ಪುಡಿಪುಡಿಯಾಗಿ ಉದುರುತ್ತಿದ್ದರೆ ಅದು ನಾವು ದಂತವೈದ್ಯರು ಎಂಐಎಚ್ ಎನ್ನುವ ಬೇರೆ ತೊಂದರೆ, ಅದರ ಚಿಕಿತ್ಸೆಯೂ ಬೇರೆ. ಒಸಡಿನ ಅಂಚಿನುದ್ದಕ್ಕೂ ಬಿಳಿ ಪಟ್ಟಿಯಿದ್ದರೆ ಹುಳುಕಿನ ಆರಂಭ. ಕಬ್ಬಿಣಾಂಶದ ಟಾನಿಕ್‌ನಿಂದ ಆಗುವ ಕಪ್ಪು ಹೊರಗಿನದು, ಕ್ಲಿನಿಕ್ಕಿನಲ್ಲಿ ಉಜ್ಜಿದರೆ ಹೋಗುತ್ತದೆ. ನಿಮ್ಮ ಮನೆಯಲ್ಲಿ ತಾಯಿಗೂ ಇದೆ, ಮಗನಿಗೂ ಇದೆ, ಬೋರ್ ನೀರಿನ ಬಳಕೆಯಿದೆ. ಆದ್ದರಿಂದ ಫ್ಲೋರೋಸಿಸ್ ಎಂದೇ ಹಿಡಿದು ಮಾತಾಡುತ್ತೇನೆ. ತಾಯಿಯಿಂದ ಮಗನಿಗೆ ಇದು ವಂಶವಾಹಿಯಾಗಿ ಇಳಿದದ್ದಲ್ಲ ಎಂಬುದನ್ನೂ ಹೇಳಬೇಕು. ಇಬ್ಬರೂ ಒಂದೇ ಬಗೆಯ ನೀರು ಕುಡಿದು ಬೆಳೆದಿದ್ದೀರಿ, ಅಷ್ಟೆ.

ಬೆಳ್ಳಗಿದ್ದದ್ದು ಕಂದಾದದ್ದು ಹೇಗೆ? ಹಲ್ಲಿನ ಹೊರ ಹೊದಿಕೆಯಾದ ಎನಾಮೆಲ್ ಮೊದಲು ಮೆತ್ತಗಿನ ಪ್ರೋಟೀನ್ ಚೌಕಟ್ಟಾಗಿ ಹುಟ್ಟಿ, ಆಮೇಲೆ ಆ ಪ್ರೋಟೀನ್ ಕರಗಿ ಹೋಗಿ ಜಾಗ ಖನಿಜದಿಂದ ತುಂಬಬೇಕು. ರಕ್ತದಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಪ್ರೋಟೀನ್ ಪೂರ್ತಿ ತೆರವಾಗುವುದಿಲ್ಲ, ಮೇಲ್ಪದರದ ಕೆಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಆ ಜಾಗ ಬೆಳಕಿಗೆ ಸುಣ್ಣದ ಹಾಗೆ ಕಾಣುತ್ತದೆ. ಹಲ್ಲು ಬಾಯಿಗೆ ಬಂದ ಮೇಲೆ ಸೀಮೆಸುಣ್ಣ ಮಸಿ ಹೀರಿಕೊಂಡಂತೆ ಈ ರಂಧ್ರಗಳು ಟೀ, ಸಾರು, ನೀರಿನ ಕಬ್ಬಿಣದ ಬಣ್ಣವನ್ನು ಹೀರುತ್ತವೆ. ಅಂದರೆ ಬಿಳಿ ಗೆರೆ ಹಲ್ಲಿನ ಜೊತೆ ಹುಟ್ಟಿದ್ದು, ಕಂದು ಬಣ್ಣ ಹೊರಗಿನಿಂದ ಸೇರಿದ್ದು. ಈ ವ್ಯತ್ಯಾಸ ನೆನಪಿರಲಿ, ಚಿಕಿತ್ಸೆಯೆಲ್ಲ ಇದರ ಮೇಲೇ ನಿಂತಿದೆ. ಫ್ಲೋರೈಡ್ ತೀರ ಹೆಚ್ಚಿದ್ದ ಕಡೆ ಹಲ್ಲು ಬಂದ ಮೇಲೆ ತೆಳು ಮೇಲ್ಪದರ ಒಡೆದು ಗುಳಿಗಳಾಗುತ್ತವೆ. ನಿಮ್ಮ ಹಲ್ಲಿನ ಜುಮ್ಮಿಗೆ ಅಂಥ ಗುಳಿಗಳು ಕಾರಣವಿರಬಹುದು.

ಅತ್ತೆಯವರ ಮಾತಿಗೆ ಇಲ್ಲೇ ಉತ್ತರಿಸುತ್ತೇನೆ: ಏಳೆಂಟು ವರ್ಷಕ್ಕೆ ಬಂದ ಬಾಚಿಹಲ್ಲುಗಳು ಶಾಶ್ವತ ಹಲ್ಲುಗಳು, ಅವು ಬಿದ್ದು ಬೇರೆ ಬರುವುದಿಲ್ಲ. ಹತ್ತರಿಂದ ಹನ್ನೆರಡು ವರ್ಷದ ನಡುವೆ ಬರಲಿರುವ ಉಳಿದ ಹಲ್ಲುಗಳ ಮೇಲ್ಭಾಗವೂ ಅವನಲ್ಲಿ ಬಹುತೇಕ ತಯಾರಾಗಿದೆ. ಅವುಗಳಲ್ಲೂ ಕಲೆ ಕಂಡರೆ ಹೊಸದಾಗಿ ಏನೋ ಆಯಿತೆಂದು ಗಾಬರಿಯಾಗಬೇಡಿ.

ಇನ್ನು ನೀರು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಆ ಕಡೆ ಪಾವಗಡ, ಶಿರಾ, ಮಧುಗಿರಿ, ಇವೆಲ್ಲ ಗಟ್ಟಿ ಗ್ರಾನೈಟ್ ನೆಲ. ಆ ಬಂಡೆಯ ಖನಿಜಗಳಲ್ಲಿ ಫ್ಲೋರೈಡ್ ಇದೆ. ಕೆರೆ, ತೆರೆದ ಬಾವಿಯ ನೀರು ಮೇಲ್ಪದರದ್ದು, ಮಳೆಯಿಂದ ಹೊಸದಾಗುತ್ತಿತ್ತು. ಸಾವಿರ ಅಡಿ ಕೊರೆದು ತೆಗೆಯುವ ನೀರು ಬಂಡೆಯ ಬಿರುಕುಗಳಲ್ಲಿ ಬಹುಕಾಲ ನಿಂತಿದ್ದು ಫ್ಲೋರೈಡ್ ಕರಗಿಸಿಕೊಂಡಿರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪತಕ್ಕ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ. ಒಂದೇ ಊರಿನ ಎರಡು ಬೋರ್‌ಗಳಲ್ಲಿ ಒಂದರಲ್ಲಿ 0.8, ಇನ್ನೊಂದರಲ್ಲಿ 3 ಇರುವುದು ಸಾಧ್ಯ. ಆದ್ದರಿಂದ ಪಕ್ಕದ ಬೋರ್‌ನ ವರದಿ ನಿಮ್ಮ ಬೋರ್‌ಗೆ ಆಗುವುದಿಲ್ಲ.

ನೀವು ಫಿಲ್ಟರ್ ನೀರು ಕುಡಿಯುತ್ತಿರುವುದು ಒಳ್ಳೆಯದೇ. ತಪ್ಪುತ್ತಿರುವುದು ಅಡುಗೆಯಲ್ಲಿ. ಮುದ್ದೆಗೆ ಇಡುವ ಎಸರು, ಕುಕ್ಕರಿನ ಅನ್ನದ ನೀರು, ಬೇಳೆ ಬೇಯಿಸಿದ ನೀರು, ಸಾರು, ಟೀ, ಇದೆಲ್ಲ ಹೊಟ್ಟೆಗೇ ಹೋಗುತ್ತದೆ. ಮಗುವಿಗೆ ಮಾಡುವ ರಾಗಿ ಸರಿಯಂತೂ ಹೆಚ್ಚುಪಾಲು ನೀರೇ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಒಂದು ಲೆಕ್ಕ ನೋಡಿ. ಬೋರ್ ನೀರಿನಲ್ಲಿ ಲೀಟರಿಗೆ 2.5 ಮಿಲಿಗ್ರಾಂ ಇದೆ ಎಂದುಕೊಳ್ಳೋಣ. ಹನ್ನೆರಡು ಕೆ.ಜಿ. ತೂಕದ ಮಗು ಸರಿ, ಅನ್ನ, ಸಾರಿನ ರೂಪದಲ್ಲಿ ದಿನಕ್ಕೆ ಮುಕ್ಕಾಲು ಲೀಟರ್ ಒಳಗೆ ತೆಗೆದುಕೊಂಡರೆ ಸುಮಾರು 1.9 ಮಿಲಿಗ್ರಾಂ ಆಯಿತು. ಈ ವಯಸ್ಸಿನಲ್ಲಿ ಎಲ್ಲ ಮೂಲ ಸೇರಿ ದಿನಕ್ಕೆ ಕೆ.ಜಿ. ತೂಕಕ್ಕೆ 0.1 ಮಿಲಿಗ್ರಾಂ, ಅಂದರೆ ಅವಳಿಗೆ 1.2 ಮಿಲಿಗ್ರಾಂ ದಾಟಬಾರದು. ಒಂದು ಲೋಟ ಬೋರ್ ನೀರು ಕುಡಿಸದೆಯೇ ಮಿತಿ ಮೀರಿತು.

ಹಾಗಾಗಿ ಮೊದಲ ಕೆಲಸ ನೀರಿನ ಪರೀಕ್ಷೆ. ಗ್ರಾಮ ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್ನಿನ ಪರೀಕ್ಷಾ ಕಿಟ್ ಇರಬೇಕು, ಕೇಳಿ. ಅದರಲ್ಲಿ ಬಣ್ಣ ನೋಡಿ ಅಂದಾಜು ಸಿಗುತ್ತದೆ. ನಿಖರ ಅಂಕಿಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕೊಡಿ. ಮೋಟಾರ್ ಐದು ನಿಮಿಷ ಓಡಿಸಿ, ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ಒಂದು ಲೀಟರ್ ತುಂಬಿಸಿ. ಗಾಜಿನ ಬಾಟಲಿ ಬೇಡ, ಫ್ಲೋರೈಡ್ ಗಾಜಿನೊಂದಿಗೆ ಸೇರಿ ಅಂಕಿ ಕಡಿಮೆ ಬರುತ್ತದೆ. ಎರಡು ಬಾಟಲಿ ಕೊಡಿ: ಒಂದು ಬೋರ್‌ನದು, ಇನ್ನೊಂದು ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು. ಎರಡನೆಯದನ್ನು ಯಾರೂ ಪರೀಕ್ಷೆ ಮಾಡಿಸುವುದಿಲ್ಲ, ನಾನು ಅದನ್ನೇ ಒತ್ತಿ ಹೇಳುತ್ತೇನೆ. ಘಟಕದ ಆರ್‌ಒ ಮೆಂಬ್ರೇನ್ (ಒತ್ತಡದಿಂದ ನೀರು ಸೋಸುವ ತೆಳು ಪೊರೆ) ಚೆನ್ನಾಗಿದ್ದಾಗ ಫ್ಲೋರೈಡ್‌ನ ಬಹುಪಾಲು ತೆಗೆಯುತ್ತದೆ. ಅದು ಹಳೆಯದಾದರೆ ಅಥವಾ ಸೀಳಿದರೆ ನೀರು ತಿಳಿಯಾಗಿಯೇ ಬರುತ್ತಿರುತ್ತದೆ, ರುಚಿಯಲ್ಲಿ ತಿಳಿಯದು. ಅಲ್ಲಿ ತೋರಿಸುವ ಟಿಡಿಎಸ್ ಮೀಟರ್ ಕರಗಿದ ಒಟ್ಟು ಲವಣ ಅಳೆಯುತ್ತದೆ, ಫ್ಲೋರೈಡ್ ಅಳೆಯುವುದಿಲ್ಲ. ಆದರೂ ಒಂದು ಉಪಯೋಗವಿದೆ: 60 ತೋರಿಸುತ್ತಿದ್ದದ್ದು ಕೆಲವೇ ತಿಂಗಳಲ್ಲಿ 250ಕ್ಕೆ ಏರಿದರೆ ಮೆಂಬ್ರೇನ್ ಕೈಕೊಟ್ಟಿದೆ ಎಂದು ಅನುಮಾನಿಸಿ.

ಘಟಕದ ನೀರು ಸರಿಯಿದ್ದರೆ ಅಡುಗೆಗೂ ಅದನ್ನೇ ತನ್ನಿ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ಸೇರಿ ದಿನಕ್ಕೆ 20ರಿಂದ 25 ಲೀಟರ್ ಬೇಕು, ಅಂದರೆ ಈಗಿನದಕ್ಕಿಂತ ಒಂದು ಕ್ಯಾನ್ ಹೆಚ್ಚು. ಅಕ್ಕಿ, ತರಕಾರಿ, ಪಾತ್ರೆ ತೊಳೆಯಲು ಬೋರ್ ನೀರೇ ಆಗಲಿ. ದಿನವೂ ಅಷ್ಟು ತರಲು ಆಗದಿದ್ದರೆ ಮೊದಲು ಮಗಳ ಸರಿ ಮತ್ತು ಹಾಲಿಗೆ ಬೆರೆಸುವ ನೀರು, ಆಮೇಲೆ ಮುದ್ದೆಯ ಎಸರು ಮತ್ತು ಅನ್ನ, ಆಮೇಲೆ ಸಾರು. ನೀವು ಇನ್ನೂ ಎದೆಹಾಲು ಕೊಡುತ್ತಿದ್ದರೆ ಅದರ ಭಯ ಬೇಡ, ತಾಯಿ ಯಾವ ನೀರು ಕುಡಿದರೂ ಎದೆಹಾಲಿಗೆ ಇಳಿಯುವ ಫ್ಲೋರೈಡ್ ತೀರ ಕಡಿಮೆ. ಮಗುವಿಗೆ ಟೀ ಬೇಡವೇ ಬೇಡ, ಟೀ ಸೊಪ್ಪಿನಲ್ಲೇ ಫ್ಲೋರೈಡ್ ಇದೆ. ಮನೆಗೇ ಆರ್‌ಒ ಹಾಕಿಸಿದರೆ ಅದು ಹೊರಬಿಡುವ ನೀರಿನಲ್ಲಿ ಫ್ಲೋರೈಡ್ ಇನ್ನೂ ಗಾಢವಾಗಿರುತ್ತದೆ. ನೆಲ ಒರೆಸಲು ಬಳಸಿ, ಹಸುವಿನ ಬಾನಿಗೆ ಹಾಕಬೇಡಿ, ದನಗಳಿಗೂ ಫ್ಲೋರೋಸಿಸ್ ಬರುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಫಿಲ್ಟರ್, ತಾಮ್ರದ ಬಿಂದಿಗೆ, ಮಣ್ಣಿನ ಮಡಕೆ, ಯಾವುದನ್ನೂ ಫ್ಲೋರೈಡ್‌ಗೆ ನಂಬುವಂತಿಲ್ಲ. ತಾರಸಿಯ ಮೇಲೆ ಬಿದ್ದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯ ಕೊಳೆ ಹರಿಯಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿದು ಕುದಿಸಿದರೆ ಅಡುಗೆಗೆ ಬಲು ಒಳ್ಳೆಯ ನೀರು. ರಾಗಿ, ಹಾಲು, ಸೊಪ್ಪು, ನೆಲ್ಲಿಕಾಯಿ ಚೆನ್ನಾಗಿ ಕೊಡಿ. ಕ್ಯಾಲ್ಸಿಯಂ ಇರುವ ಊಟದ ಜೊತೆ ಫ್ಲೋರೈಡ್ ಕರುಳಿನಲ್ಲಿ ಕಡಿಮೆ ಹೀರಲ್ಪಡುತ್ತದೆ.

ಪೇಸ್ಟ್ ಬಗ್ಗೆ. ನಮ್ಮಲ್ಲಿ ಸಿಗುವ ಫ್ಲೋರೈಡ್ ಪೇಸ್ಟ್‌ನಲ್ಲಿ ಸಾಮಾನ್ಯವಾಗಿ 1000 ಪಿಪಿಎಂ ಇರುತ್ತದೆ, ಅಂದರೆ ಒಂದು ಗ್ರಾಂ ಪೇಸ್ಟ್‌ಗೆ ಒಂದು ಮಿಲಿಗ್ರಾಂ. ಅಕ್ಕಿ ಕಾಳಿನಷ್ಟು ಪೇಸ್ಟ್ ಪೂರ್ತಿ ನುಂಗಿದರೂ ಸುಮಾರು 0.1 ಮಿಲಿಗ್ರಾಂ, ಮೇಲಿನ ಅಡುಗೆ ನೀರಿನ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಜಾಹೀರಾತಿನಲ್ಲಿ ತೋರಿಸುವಂತೆ ಬ್ರಷ್ ಉದ್ದಕ್ಕೂ ಹಾಕಿದ್ದನ್ನು ಮಗು ನುಂಗಿದರೆ ಮಾತ್ರ ಒಂದು ಮಿಲಿಗ್ರಾಂವರೆಗೆ ಹೋಗುತ್ತದೆ. ಮಗನಿಗೆ ಪೇಸ್ಟ್ ಬಿಡಿಸಬೇಡಿ. ಅವನ ಎನಾಮೆಲ್ ತಯಾರಾಗುವ ಕಾಲ ಮುಗಿದಿದೆ, ಪೇಸ್ಟ್‌ನ ಫ್ಲೋರೈಡ್ ಇನ್ನು ಹೊಸ ಕಲೆ ಮಾಡುವುದಿಲ್ಲ, ಹುಳುಕನ್ನು ಮಾತ್ರ ತಡೆಯುತ್ತದೆ. ಬಟಾಣಿ ಕಾಳಿನಷ್ಟು ಹಾಕಿ, ಉಗುಳಲಿ. ಮಗಳ ವಿಷಯದಲ್ಲಿ ದಂತವೈದ್ಯರಲ್ಲೇ ಎರಡು ಅಭಿಪ್ರಾಯಗಳಿವೆ. ನನ್ನದು ಹೀಗೆ: ಅಡುಗೆ ನೀರು ಬದಲಾಗುವವರೆಗೆ ಫ್ಲೋರೈಡ್ ಇಲ್ಲದ ಪೇಸ್ಟ್ ಅಥವಾ ಬರೀ ಒದ್ದೆ ಬ್ರಷ್ಷಿನಿಂದ ನೀವೇ ಉಜ್ಜಿ. ನೀರು ಬದಲಾದ ಮೇಲೆ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಕೊಡಿ. ಬೇವಿನ ಕಡ್ಡಿ ಕೆಟ್ಟದ್ದಲ್ಲ, ಆದರೆ ಮಕ್ಕಳ ಕೈಯಲ್ಲಿ ಅದು ದವಡೆಯ ಒಳಭಾಗ ಮುಟ್ಟುವುದಿಲ್ಲ, ಒಸಡು ತರಚುತ್ತದೆ. ಇದ್ದಿಲು, ಇಟ್ಟಿಗೆ ಪುಡಿ, ಉಪ್ಪು, ನಿಂಬೆರಸ, ಸೋಡಾಪುಡಿ ಯಾವುದೂ ಬೇಡ. ಮೊದಲೇ ಮೆತ್ತಗಿರುವ ಎನಾಮೆಲ್ ಸವೆದು ಬಣ್ಣ ಇನ್ನೂ ಆಳಕ್ಕೆ ಇಳಿಯುತ್ತದೆ.

ಈಗ ಮಗನ ಮುಂದಿನ ಹಲ್ಲುಗಳು. ಕ್ಯಾಪ್ ಬೇಡ. ಇದನ್ನು ಯಾವ ಅಳುಕೂ ಇಲ್ಲದೆ ಹೇಳುತ್ತೇನೆ. ಕ್ಯಾಪ್ ಕೂರಿಸಲು ಹಲ್ಲನ್ನು ಸುತ್ತಲೂ ಒಂದರಿಂದ ಒಂದೂವರೆ ಮಿ.ಮೀ. ಅರೆಯಬೇಕು. ಎಂಟು ವರ್ಷದಲ್ಲಿ ಹಲ್ಲಿನೊಳಗಿನ ನರದ ಕೋಣೆ ದೊಡ್ಡದು, ಬೇರಿನ ತುದಿ ಇನ್ನೂ ಮುಚ್ಚಿರುವುದಿಲ್ಲ, ಅದು ಮುಚ್ಚುವುದು ಸುಮಾರು ಹತ್ತನೇ ವಯಸ್ಸಿಗೆ. ಅರೆಯುವಾಗ ನರಕ್ಕೆ ಪೆಟ್ಟಾದರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಲ್ಲಬಹುದು, ಮುಂದಿನ ಚಿಕಿತ್ಸೆಯೆಲ್ಲ ಕಷ್ಟ. ಅದೂ ಅಲ್ಲದೆ ಹಲ್ಲು ಇನ್ನೂ ಹೊರಬರುತ್ತಿರುತ್ತದೆ, ಒಸಡು ಮೇಲೆ ಸರಿಯುತ್ತದೆ, ಎರಡು ವರ್ಷದಲ್ಲಿ ಕ್ಯಾಪಿನ ಅಂಚು ಎದ್ದು ಕಾಣುತ್ತದೆ. ಬಣ್ಣಕ್ಕಾಗಿ ಗಟ್ಟಿ ಹಲ್ಲನ್ನು ಕಳೆದುಕೊಳ್ಳುವ ವ್ಯವಹಾರ ಅದು.

ಎರಡನೆಯ ಡಾಕ್ಟರು ಹೇಳಿದ್ದು ಮೈಕ್ರೋಅಬ್ರೇಷನ್. ಹೆಸರು ಕೇಳಿ ಹೆದರುವಂಥದ್ದಲ್ಲ, ಆದರೆ ಮಾಡುವ ಕ್ರಮ ಮುಖ್ಯ. ತುಟಿ, ಒಸಡಿಗೆ ತಾಗದಂತೆ ಹಲ್ಲಿಗೆ ರಬ್ಬರ್ ಹಾಳೆ ಕಟ್ಟಿ, ಕಣ್ಣಿಗೆ ಕನ್ನಡಕ ಹಾಕಿ, ಸುಮಾರು 6.6 ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ನುಣುಪು ಪುಡಿ ಬೆರೆಸಿದ ಪೇಸ್ಟನ್ನು ನಿಧಾನ ವೇಗದ ರಬ್ಬರ್ ಕಪ್ಪಿನಿಂದ ಸ್ವಲ್ಪ ಹೊತ್ತು ಉಜ್ಜಿ, ತೊಳೆದು, ನೋಡಿ, ಬೇಕಿದ್ದರೆ ಮತ್ತೆ ಉಜ್ಜುತ್ತಾರೆ. ಕೆಲವರು 37 ಶೇಕಡಾ ಫಾಸ್ಫಾರಿಕ್ ಆಮ್ಲದ ಜೊತೆ ಪ್ಯೂಮಿಸ್ ಪುಡಿ ಬಳಸುತ್ತಾರೆ. ಒಟ್ಟು ಸವೆಯುವುದು ಸುಮಾರು 0.1 ಮಿ.ಮೀ., ಎನಾಮೆಲ್‌ನ ದಪ್ಪ ಒಂದು ಮಿ.ಮೀ. ಆಸುಪಾಸು. ಇಂಜೆಕ್ಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಕಂದು ಬಣ್ಣ ಮೇಲ್ಪದರದಲ್ಲಿ ಇರುವುದರಿಂದ ಒಂದೆರಡು ಸಲದಲ್ಲಿ ಚೆನ್ನಾಗಿ ಇಳಿಯುತ್ತದೆ. ಬಿಳಿ ಗೆರೆ ಆಳದ್ದಾದ್ದರಿಂದ ಪೂರ್ತಿ ಹೋಗುವುದಿಲ್ಲ. ಇದನ್ನು ಮೊದಲೇ ತಿಳಿದಿದ್ದರೆ ನಿರಾಸೆಯಾಗುವುದಿಲ್ಲ. ಕೊನೆಗೆ ಪಾಲಿಶ್ ಮಾಡಿ ಫ್ಲೋರೈಡ್ ಅಥವಾ ಕ್ಯಾಲ್ಸಿಯಂ ಕ್ರೀಮ್ ಹಚ್ಚಬೇಕು. ಎರಡು ದಿನ ಟೀ, ಅರಿಶಿನದ ಸಾರು, ಬಣ್ಣದ ಪಾನೀಯ ಬೇಡ. ಇದರಲ್ಲಿ ಕೆಡುವುದು ಎಲ್ಲಿ ಅಂದರೆ, ರಬ್ಬರ್ ಹಾಳೆಯಿಲ್ಲದೆ ಮಾಡಿ ಒಸಡು ಸುಡುವುದು, ಇನ್ನಷ್ಟು ಬೆಳ್ಳಗಾಗಲಿ ಎಂದು ಉಜ್ಜುತ್ತಲೇ ಹೋಗುವುದು. ಆಮೇಲೆ ಉಳಿದ ಬಿಳಿ ಮಚ್ಚೆಗೆ ರೆಸಿನ್ ಇನ್‌ಫಿಲ್ಟ್ರೇಷನ್ ಎಂಬ ವಿಧಾನವಿದೆ. ರಂಧ್ರಗಳೊಳಗೆ ತೆಳು ರಾಳ ಇಳಿಸಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ, ಮಚ್ಚೆ ಸುತ್ತಲಿನ ಬಣ್ಣದಲ್ಲಿ ಕರಗಿದ ಹಾಗೆ ಕಾಣುತ್ತದೆ. ಸಾಮಗ್ರಿ ದುಬಾರಿ, ಎಲ್ಲ ಕ್ಲಿನಿಕ್ಕಿನಲ್ಲೂ ಇರುವುದಿಲ್ಲ. ಗುಳಿಯಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಬಹುದು. ಫ್ಲೋರೋಸಿಸ್ ಹಲ್ಲಿನ ಮೇಲ್ಪದರ ಆಮ್ಲಕ್ಕೆ ಬೇಗ ಬಗ್ಗದ ಕಾರಣ ಅಂಟು ಸರಿಯಾಗಿ ಹಿಡಿಯದೆ ಕಾಂಪೋಸಿಟ್ ಕಳಚುವುದುಂಟು. ಮೇಲ್ಪದರ ತುಸು ತೆಗೆದು, ಆಮ್ಲವನ್ನು ಹೆಚ್ಚು ಹೊತ್ತು ಇಟ್ಟರೆ ನಿಲ್ಲುತ್ತದೆ. ಬ್ಲೀಚಿಂಗ್ ಈ ವಯಸ್ಸಿಗೆ ಬೇಡ.

ಹುಳುಕಾದ ದವಡೆಹಲ್ಲು ಯಾವುದೆಂದು ಎಣಿಸಿ ನೋಡಿ. ಮುಂದಿನ ನಡುಗೆರೆಯಿಂದ ಹಿಂದಕ್ಕೆ ಆರನೆಯದಾದರೆ ಅದು ಶಾಶ್ವತ ಹಲ್ಲು. ಆರನೇ ವರ್ಷಕ್ಕೆ ಯಾವ ಹಲ್ಲೂ ಬೀಳದೆ ಹಿಂದೆ ಸದ್ದಿಲ್ಲದೆ ಬರುವುದರಿಂದ ಹಾಲುಹಲ್ಲೆಂದೇ ಬಹಳ ಜನ ತಿಳಿದಿರುತ್ತಾರೆ. ಅದಾದರೆ ಈ ವಾರವೇ ಹೋಗಿ. ನಾಲ್ಕು, ಐದನೆಯದಾದರೆ ಹಾಲುಹಲ್ಲು, ಆದರೂ ಅದು ಹತ್ತರಿಂದ ಹನ್ನೆರಡು ವರ್ಷದವರೆಗೆ ಇರಬೇಕಾದದ್ದು. ನರ ಮುಟ್ಟದಿದ್ದರೆ ಫಿಲ್ಲಿಂಗ್, ಮುಟ್ಟಿದ್ದರೆ ನರದ ಚಿಕಿತ್ಸೆ ಮತ್ತು ಸ್ಟೀಲ್ ಕ್ಯಾಪ್. ಹಾಲುಹಲ್ಲಿನ ಮೇಲೆ ಈ ಕ್ಯಾಪ್ ಸರಿಯಾದದ್ದೇ, ಮೇಲೆ ಬೇಡವೆಂದದ್ದು ಮುಂದಿನ ಶಾಶ್ವತ ಹಲ್ಲಿನ ಕ್ಯಾಪ್. ತೆಗೆಯಲೇಬೇಕಾದರೆ ಜಾಗ ಮುಚ್ಚಿಹೋಗದಂತೆ ಸ್ಪೇಸ್ ಮೇಂಟೇನರ್ ತಂತಿ ಹಾಕಿಸಿ. ಫ್ಲೋರೈಡ್ ಇದ್ದೂ ಹುಳುಕಾದದ್ದು ವಿಚಿತ್ರವಲ್ಲ. ಹಲ್ಲಿನ ಮೇಲ್ಮೈಗೆ ಸಿಗುವ ಸ್ವಲ್ಪ ಫ್ಲೋರೈಡ್ ಕಾಪಾಡುತ್ತದೆ. ಆದರೆ ಫ್ಲೋರೈಡ್ ಅತಿಯಾಗಿ ಗುಳಿಬಿದ್ದ ಎನಾಮೆಲ್‌ನಲ್ಲಿ ಬಿಸ್ಕತ್ತು, ಚಾಕೊಲೇಟ್ ಸಿಕ್ಕಿಕೊಂಡು ಹುಳುಕು ಬೇಗ ಇಳಿಯುತ್ತದೆ.

ನಿಮ್ಮ ಹಲ್ಲಿಗೆ ಹೆಚ್ಚು ದಾರಿಗಳಿವೆ. ಮೊದಲು ಸ್ಕೇಲಿಂಗ್, ಅಂದರೆ ಹಲ್ಲಿಗೆ ಅಂಟಿದ ಕರೆ ತೆಗೆಯುವ ಕೆಲಸ, ಮಾಡಿಸಿ. ಅದರಿಂದ ಹಲ್ಲು ಸಡಿಲವಾಗುವುದಿಲ್ಲ, ಫ್ಲೋರೋಸಿಸ್ ಕಲೆಯೂ ಹೋಗುವುದಿಲ್ಲ, ಕರೆ ಮಾತ್ರ ಹೋಗಿ ನಿಜವಾದ ಬಣ್ಣ ಕಾಣುತ್ತದೆ. ಜುಮ್ಮೆನ್ನುವ ಗುಳಿಗಳನ್ನು ಮುಚ್ಚಿಸಿ, ಸೆನ್ಸಿಟಿವಿಟಿ ಪೇಸ್ಟ್ ಒಂದು ತಿಂಗಳಾದರೂ ಬಿಡದೆ ಬಳಸಿ. ಬಣ್ಣಕ್ಕೆ ಮೈಕ್ರೋಅಬ್ರೇಷನ್, ಅದರ ಮೇಲೆ ಮನೆಯಲ್ಲೇ ರಾತ್ರಿ ಟ್ರೇ ಹಾಕಿಕೊಂಡು ಮಾಡುವ 10 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡ್ ಬ್ಲೀಚಿಂಗ್. ಮೊದಲ ದಿನಗಳಲ್ಲಿ ಬಿಳಿ ಮಚ್ಚೆ ಇನ್ನೂ ಬೆಳ್ಳಗೆ ಕಂಡು ಹೆದರಿಸುತ್ತದೆ, ಆಮೇಲೆ ಸುತ್ತಲಿನ ಬಣ್ಣ ಹೊಂದಿಕೊಳ್ಳುತ್ತದೆ. ಜುಮ್ಮು ಕೆಲವು ದಿನ ಹೆಚ್ಚಬಹುದು. ಎದೆಹಾಲು ಕೊಡುತ್ತಿದ್ದರೆ ಬ್ಲೀಚಿಂಗ್ ಮುಂದೂಡಿ. ಕಾಂಪೋಸಿಟ್ ಹಾಕಿಸುವುದಿದ್ದರೆ ಬ್ಲೀಚಿಂಗ್ ಮುಗಿದು ಎರಡು ವಾರವಾಗಲಿ, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ಹಲ್ಲಿನ ಮುಂಭಾಗಕ್ಕೆ ತೆಳು ಬಿಲ್ಲೆಯಂತೆ ಅಂಟಿಸುವ ಸೆರಾಮಿಕ್ ವೆನೀರ್ ನೋಡಲು ಅತ್ಯಂತ ಚೆಂದ. ಆದರೆ ಹಲ್ಲನ್ನು 0.3ರಿಂದ 0.7 ಮಿ.ಮೀ. ಅರೆಯಬೇಕು, ಅರೆದದ್ದು ಮರಳಿ ಬರುವುದಿಲ್ಲ, ಜೀವಮಾನದಲ್ಲಿ ಒಂದೆರಡು ಸಲ ಬದಲಿಸಬೇಕಾದೀತು. ಅದನ್ನು ನಾನು ಕೊನೆಗೆ ಇಡುತ್ತೇನೆ.

ಫ್ಲೋರೋಸಿಸ್ ಮೂಳೆಗೂ ಬರುತ್ತದೆ. ಮನೆಯ ಹಿರಿಯರಲ್ಲಿ ಯಾರಿಗಾದರೂ ಕುತ್ತಿಗೆ ತಿರುಗದಷ್ಟು, ಬೆನ್ನು ಬಗ್ಗದಷ್ಟು ಬಿಗಿತವಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ಮೂತ್ರದ ಫ್ಲೋರೈಡ್ ಪರೀಕ್ಷೆ ಮತ್ತು ಎಕ್ಸ್‌ರೇ ಕೇಳಿ. ಎಲ್ಲ ಬೆನ್ನುನೋವೂ ಫ್ಲೋರೋಸಿಸ್ ಅಲ್ಲ.

ಹಲ್ಲಿಗೆ ಮೊದಲು ತಾಲ್ಲೂಕು ಆಸ್ಪತ್ರೆಯ ದಂತವೈದ್ಯರನ್ನು ಕಾಣಿ. ಮೈಕ್ರೋಅಬ್ರೇಷನ್‌ಗೆ ದಂತ ಕಾಲೇಜಿನ ಮಕ್ಕಳ ವಿಭಾಗ ಒಳ್ಳೆಯದು, ಖರ್ಚೂ ಕಡಿಮೆ. ಕೆಜಿಎಫ್‌ನಲ್ಲಿ, ತುಮಕೂರಿನಲ್ಲಿ, ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಲ್ಲಿ ಈ ವಿಭಾಗವಿದೆ. ಹೋಗುವಾಗ ನೀರಿನ ವರದಿ ಜೊತೆಗಿರಲಿ. ಮೂರು ಪ್ರಶ್ನೆ ಕೇಳಿ: ರಬ್ಬರ್ ಹಾಳೆ ಕಟ್ಟುತ್ತೀರಾ, ಎಷ್ಟು ಎನಾಮೆಲ್ ಸವೆಯುತ್ತದೆ, ಕಂದು ಹೋದ ಮೇಲೆ ಎಷ್ಟು ಬಿಳಿ ಉಳಿಯುತ್ತದೆ. ಚಿಕಿತ್ಸೆಗೆ ಮೊದಲು ಒಂದು ಫೋಟೋ ತೆಗೆಸಿಡಿ. ಮತ್ತು ಮಗನನ್ನೇ ಕೇಳಿ, ಅವನಿಗೆ ಯಾವ ಹಲ್ಲಿನ ಕಲೆ ಹೆಚ್ಚು ಬೇಸರವೋ ಅಲ್ಲಿಂದ ಶುರು ಮಾಡಿಸಿ.